ಸಭೆಯೊಳಗಿನವರೇ ಬಾಗಿಲಲ್ಲಿ ನಿಂತಾಗ

ಸಲಿಂಗಪ್ರೇಮಿಗಳನ್ನು ಚರ್ಚು ಪೂರ್ಣ ಮನಸ್ಸಿನಿಂದ ಒಪ್ಪಿಕೊಳ್ಳಬೇಕೆಂಬ ಬೇಡಿಕೆ ಹೊರಗಿನಿಂದ ನುಗ್ಗಿ ಬಂದದ್ದೆಂದು ನಮ್ಮ ಅನೇಕ ಸಭೆಗಳಲ್ಲಿ ಇವತ್ತಿಗೂ ನಂಬಿದ್ದಾರೆ. ಕಳೆದ ಎಪ್ಪತ್ತು ವರ್ಷಗಳ ದಾಖಲೆಯಲ್ಲಿ ಕಾಣುವುದೇ ಬೇರೆ. ಈ ಮಾತೆತ್ತಿದವರು ಪಾದ್ರಿಗಳು, ಸಿಸ್ಟರುಗಳು, ಬೈಬಲ್ ಪಂಡಿತರು, ಭಾನುವಾರದ ಆರಾಧನೆ ತಪ್ಪಿಸದ ಸಾಮಾನ್ಯ ವಿಶ್ವಾಸಿಗಳು. ನಾವು ಮೊದಲಿನಿಂದಲೂ ಒಳಗೇ ಇದ್ದೇವೆ, ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಿ ಎಂಬುದಷ್ಟೇ ಅವರ ಕೇಳಿಕೆ.

ಈ ವಿಷಯದ ಮೊದಲ ಗಂಭೀರ ಗ್ರಂಥಗಳಲ್ಲೊಂದು 1955ರದು. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ಡೆರಿಕ್ ಶೆರ್ವಿನ್ ಬೇಯ್ಲಿ ಅದರಲ್ಲಿ ಸೊದೋಮ್ ಪಟ್ಟಣದ ಕಥೆಯನ್ನು ಮರಳಿ ಓದಿದರು. ಆದಿಕಾಂಡ 19ರಲ್ಲಿ ಲೋಟನ ಮನೆಗೆ ಬಂದ ಅತಿಥಿಗಳ ಮೇಲೆ ಊರವರು ಎರಗುತ್ತಾರೆ. ಅಲ್ಲಿನ ಪಾಪ ಅತಿಥಿದ್ರೋಹ ಎಂಬುದು ಬೇಯ್ಲಿಯವರ ವಾದ. ಯೆಹೆಜ್ಕೇಲ 16:49 ಕೂಡ ಸೊದೋಮಿನ ದೋಷವೆಂದು ಎಣಿಸುವುದು ಸೊಕ್ಕನ್ನು, ತಿಂದು ಕೊಬ್ಬಿದ್ದನ್ನು, ಬಡವರ ಕೈ ಹಿಡಿಯದೆ ಹೋದದ್ದನ್ನು. ಬೇಯ್ಲಿಯವರ ವಾದದ ಕೆಲವು ಎಳೆಗಳನ್ನು ಮುಂದಿನ ಪಂಡಿತರು ಒಪ್ಪಲಿಲ್ಲ. ಆದರೂ ಕಾನೂನು ಬದಲಿಸಲು ಶಿಫಾರಸು ಮಾಡಿದ 1957ರ ವುಲ್ಫೆಂಡನ್ ವರದಿಗೂ, 1967ರಲ್ಲಿ ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸಾರಿದ ಕಾನೂನಿಗೂ ನೆಲ ಹದಮಾಡಿದವರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಇಂಥವರಿದ್ದರು. ಆರ್ಚ್‌ಬಿಷಪ್ ಮೈಕೆಲ್ ರ್‍ಯಾಮ್ಸಿ ಸ್ವತಃ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಆ ಬದಲಾವಣೆಯ ಪರ ನಿಂತರು. ಪಾಪವಿರಬಹುದು, ಸೆರೆಮನೆ ಬೇಡ ಎನ್ನುವ ನಿಲುವು ಅದು. ಅದರಲ್ಲಿ ಕರುಣೆಯಿತ್ತು, ಸಮಾನತೆ ಇನ್ನೂ ಇರಲಿಲ್ಲ.

ಸಮಾನತೆಯ ಮಾತು ಬಂದದ್ದು ಪಂಡಿತರ ಕೋಣೆಯಿಂದಲ್ಲ, ಪೆಂತೆಕೊಸ್ತ್ ಹಿನ್ನೆಲೆಯ ಒಬ್ಬ ಬೋಧಕನ ಮನೆಯಿಂದ. ಟ್ರಾಯ್ ಪೆರಿ ಹದಿಹರೆಯದಲ್ಲೇ ಪ್ರಸಂಗ ಮಾಡುತ್ತಿದ್ದವರು. ಸಲಿಂಗಿ ಎಂದು ಗೊತ್ತಾದಾಗ ಸಭಾಪಾಲಕನ ಹುದ್ದೆಯೂ ಹೋಯಿತು, ಸಂಸಾರವೂ ಮುರಿಯಿತು. ಒಮ್ಮೆ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. 1968ರ ಅಕ್ಟೋಬರ್ 6ರಂದು ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಪಾರ್ಕಿನ ತಮ್ಮ ಮನೆಯಲ್ಲಿ ಅವರು ನಡೆಸಿದ ಆರಾಧನೆಗೆ ಬಂದವರು 12 ಮಂದಿ. ಸಲಿಂಗಿಗಳ ಹಕ್ಕಿನ ಹೋರಾಟಕ್ಕೆ ಕಿಡಿ ಹಚ್ಚಿದ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಂಡಾಯಕ್ಕೆ ಇನ್ನೂ ಎಂಟು ತಿಂಗಳಿತ್ತು. ಧರ್ಮವನ್ನು ಈ ಹೋರಾಟ ಹಿಂದಿನಿಂದ ಎಳೆದು ತಂದಿತು ಎನ್ನುವವರು ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಆ ಕೂಟವೇ ಮೆಟ್ರೊಪಾಲಿಟನ್ ಕಮ್ಯೂನಿಟಿ ಚರ್ಚ್ (ಎಂಸಿಸಿ) ಆಗಿ ಬೆಳೆಯಿತು.

ಅದಕ್ಕೆ ತೆತ್ತ ಬೆಲೆ ದೊಡ್ಡದು. 1973ರ ಜೂನ್ 24ರ ಭಾನುವಾರ ನ್ಯೂ ಓರ್ಲಿಯನ್ಸ್‌ನಲ್ಲಿ ಸಲಿಂಗಿಗಳು ಸೇರುತ್ತಿದ್ದ ಬಾರ್ ಅಪ್‌ಸ್ಟೇರ್ಸ್ ಲೌಂಜ್‌ಗೆ ಬೆಂಕಿ ಬಿದ್ದು 32 ಮಂದಿ ಸತ್ತರು. ಅವರಲ್ಲಿ ಆ ಊರಿನ ಎಂಸಿಸಿ ಸಭಾಪಾಲಕ ವಿಲಿಯಂ ಲಾರ್ಸನ್ ಮತ್ತು ಅವರ ಸಭೆಯ ಅನೇಕರಿದ್ದರು. ಸತ್ತವರಿಗಾಗಿ ಪ್ರಾರ್ಥಿಸಲು ಬಾಗಿಲು ತೆರೆಯುವ ಚರ್ಚುಗಳೇ ಅಪರೂಪವಾದವು. ತೆರೆದ ಎಪಿಸ್ಕೋಪಲ್ ಪಾದ್ರಿ ವಿಲಿಯಂ ರಿಚರ್ಡ್‌ಸನ್ ಅವರಿಗೆ ಬೈಗುಳದ ಪತ್ರಗಳು ಬಂದವು. ಈ ಚಳವಳಿಯ ದೇವಶಾಸ್ತ್ರ ಓದುವವರು ಈ ಶವಗಳನ್ನು ಮರೆತು ಓದಬಾರದೆಂದು ನನಗನ್ನಿಸುತ್ತದೆ.

ಅದೇ ಸುಮಾರಿಗೆ ಹಳೆಯ ಸಭೆಗಳ ಒಳಗೂ ಗುಂಪುಗಳು ಹುಟ್ಟಿದವು: ಕ್ಯಾಥೊಲಿಕರಲ್ಲಿ 1969ರಲ್ಲಿ ಡಿಗ್ನಿಟಿ, ಎಪಿಸ್ಕೋಪಲಿಯನರಲ್ಲಿ 1974ರಲ್ಲಿ ಇಂಟೆಗ್ರಿಟಿ. 1972ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ್ದ ವಿಲಿಯಂ ಜಾನ್ಸನ್ ಅವರಿಗೆ ಗುರುದೀಕ್ಷೆ ಕೊಟ್ಟಿತು. ಕ್ಯಾಥೊಲಿಕ್ ಕಡೆ ದಾರಿ ಕಡಿದಾಗಿತ್ತು. 1976ರಲ್ಲಿ ಈ ವಿಷಯದ ಮೇಲೆ ಪುಸ್ತಕ ಬರೆದ ಜೆಸ್ವಿಟ್ ಜಾನ್ ಮೆಕ್‌ನೀಲ್ 1987ರಲ್ಲಿ ತಮ್ಮ ಸಂಘದಿಂದ ಹೊರಬಿದ್ದರು. ನ್ಯೂ ವೇಸ್ ಮಿನಿಸ್ಟ್ರಿ ಕಟ್ಟಿದ ಸಿಸ್ಟರ್ ಜೀನೀನ್ ಗ್ರ್ಯಾಮಿಕ್ ಮತ್ತು ಫಾದರ್ ರಾಬರ್ಟ್ ನ್ಯೂಜೆಂಟ್ ಅವರ ಸೇವೆಯನ್ನು ವ್ಯಾಟಿಕನ್ 1999ರಲ್ಲಿ ನಿಷೇಧಿಸಿತು. ಗ್ರ್ಯಾಮಿಕ್ ಸುಮ್ಮನಾಗಲಿಲ್ಲ, 2023ರಲ್ಲಿ ಸ್ವತಃ ಪೋಪ್ ಫ್ರಾನ್ಸಿಸ್ ಆಕೆಯನ್ನು ಭೇಟಿಗೆ ಬರಮಾಡಿಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ, ಮದುವೆಯ ವಿಧಿಯನ್ನು ಹೋಲದಂತೆ ಸಲಿಂಗ ಜೋಡಿಗಳನ್ನು ಗುರುಗಳು ಆಶೀರ್ವದಿಸಬಹುದೆಂಬ ವ್ಯಾಟಿಕನ್ ದಾಖಲೆ ಹೊರಬಂತು.

ವಾದದ ತಿರುಳಿಗೆ ಬರೋಣ. ಆರಂಭದ ಮೂರು ದಶಕ ಹೆಚ್ಚಿನ ಶ್ರಮ ಹೋದದ್ದು ಖಂಡಿಸುವ ವಚನಗಳನ್ನು ಬಿಡಿಸುವುದಕ್ಕೆ: ಯಾಜಕಕಾಂಡದ ಎರಡು ವಿಧಿಗಳು, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ, ಕೊರಿಂಥದವರಿಗೆ ಮತ್ತು ತಿಮೊಥೆಯನಿಗೆ ಬರೆದ ಪಾಪಗಳ ಪಟ್ಟಿಗಳು. ಯೇಲ್ ವಿಶ್ವವಿದ್ಯಾಲಯದ ಜಾನ್ ಬಾಸ್ವೆಲ್ 1980ರಲ್ಲಿ ಬರೆದ ದೊಡ್ಡ ಇತಿಹಾಸ ಗ್ರಂಥ ಈ ದಾರಿಯ ಶಿಖರ. ಪೌಲನ ಕಾಲಕ್ಕೆ ಗೊತ್ತಿದ್ದದ್ದು ದಾಸರನ್ನೂ ಹುಡುಗರನ್ನೂ ಬಳಸಿಕೊಳ್ಳುವ ಕ್ರಮ, ಇಬ್ಬರು ಸಮಾನರ ಜೀವನಪರ್ಯಂತ ನಿಷ್ಠೆ ಅವನ ಕಣ್ಣ ಮುಂದೆ ಇರಲಿಲ್ಲ ಎಂಬ ವಾದ ಈ ಚರ್ಚೆಯಿಂದಲೇ ಬಲಗೊಂಡಿತು.

ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಅದರ ನಂತರ ಬಂದ ದಾರಿ. ಕ್ಯಾಥೊಲಿಕ್ ವಿದ್ವಾಂಸ ಲ್ಯೂಕ್ ಟಿಮೊಥಿ ಜಾನ್ಸನ್ ವಚನಗಳನ್ನು ಮೃದುಗೊಳಿಸಲು ಹೋಗಲಿಲ್ಲ; ಅವು ಖಂಡಿಸುತ್ತವೆ ಎಂದೇ ಒಪ್ಪಿದರು. ಅವರು ತೆರೆದದ್ದು ಅಪೊಸ್ತಲರ ಕೃತ್ಯಗಳ 10ರಿಂದ 15ರವರೆಗಿನ ಅಧ್ಯಾಯಗಳನ್ನು. ಸುನ್ನತಿಯಿಲ್ಲದ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ಪೇತ್ರ ಕಣ್ಣಾರೆ ಕಾಣುತ್ತಾನೆ. ಅದುವರೆಗಿನ ಧರ್ಮಶಾಸ್ತ್ರ ಅವನ ಕಡೆಗಿರಲಿಲ್ಲ. ಯೆರೂಸಲೇಮಿನ ಸಭೆ ಆ ಅನುಭವವನ್ನು ಕೇಳಿಸಿಕೊಂಡು, ದೇವರು ಆಗಲೇ ಮಾಡಿದ್ದನ್ನು ತಡೆಯಲು ತಾವು ಯಾರೆಂದು ಶಾಸ್ತ್ರವನ್ನೇ ಹೊಸದಾಗಿ ಓದುತ್ತದೆ. ಹಾಗಾದರೆ ಸಲಿಂಗಿ ವಿಶ್ವಾಸಿಗಳ ಬದುಕಿನಲ್ಲಿ ಕಾಣುವ ಪ್ರೀತಿ, ಸೇವೆ, ತಾಳ್ಮೆಯ ಫಲಗಳನ್ನು ಸಭೆ ಏನೆಂದು ಕರೆಯಬೇಕು? ವಿರೋಧಿಗಳ ಪ್ರಬಲ ಆಧಾರಗಳಲ್ಲಿ ಒಂದಾಗಿದ್ದ ರಿಚರ್ಡ್ ಹೇಸ್ ತಮ್ಮ 1996ರ ನಿಲುವನ್ನು ಬಿಟ್ಟು, ಮಗ ಕ್ರಿಸ್ಟೋಫರ್ ಜೊತೆ 2024ರಲ್ಲಿ ಪೂರ್ಣ ಸ್ವೀಕಾರದ ಪರ ಪುಸ್ತಕ ಬರೆದರು. ಕೆಲವೇ ತಿಂಗಳಲ್ಲಿ ತೀರಿಕೊಂಡರು.

ಸಭೆಗಳ ತೀರ್ಮಾನಗಳು ಈ ಓದಿನ ಹಿಂದೆ ಕುಂಟುತ್ತ ಬಂದವು. ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡು 2003ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಎಪಿಸ್ಕೋಪಲ್ ಬಿಷಪ್ ಆದ ಜೀನ್ ರಾಬಿನ್ಸನ್ ತಮ್ಮ ಅಭಿಷೇಕದ ದಿನ ನಿಲುವಂಗಿಯ ಒಳಗೆ ಗುಂಡುನಿರೋಧಕ ಕವಚ ತೊಟ್ಟಿದ್ದರು. ಸ್ವೀಡನ್ನಿನ ಲುಥೆರನ್ ಸಭೆ 2009ರಲ್ಲಿ ಸಲಿಂಗ ಮದುವೆಗೆ ಒಪ್ಪಿತು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ 2019ರಲ್ಲಿ 438ಕ್ಕೆ 384 ಮತಗಳಿಂದ ನಿಷೇಧವನ್ನು ಬಿಗಿಗೊಳಿಸಿ, 2024ರಲ್ಲಿ 692ಕ್ಕೆ 51 ಮತಗಳಿಂದ ದೀಕ್ಷೆಯ ಮೇಲಿನ ನಿಷೇಧವನ್ನು ತೆಗೆದುಹಾಕಿತು. ನಡುವಿನ ವರ್ಷಗಳಲ್ಲಿ ಅಮೆರಿಕದ ಅದರ ಸಭೆಗಳಲ್ಲಿ ಸುಮಾರು ಕಾಲುಭಾಗ ಬಿಟ್ಟುಹೋಗಿದ್ದವು. ದಕ್ಷಿಣ ಆಫ್ರಿಕಾದ ಡೆಸ್ಮಂಡ್ ಟುಟು ವರ್ಣಭೇದವನ್ನು ವಿರೋಧಿಸಿದಷ್ಟೇ ತೀವ್ರವಾಗಿ ಸಲಿಂಗಿಗಳ ಮೇಲಿನ ದ್ವೇಷವನ್ನೂ ವಿರೋಧಿಸಿದರು. ಹೆಣ್ಣೊಬ್ಬಳನ್ನು ಮದುವೆಯಾದ ಅವರ ಮಗಳು ಎಂಪೊ ಆ ದೇಶದಲ್ಲಿ ಗುರುಸೇವೆಯ ಅಧಿಕಾರ ಬಿಡಬೇಕಾಯಿತು.

ನಮ್ಮ ದೇಶದಲ್ಲಿ ಈ ಚರ್ಚೆಗೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಲಂ 377ರ ನೆರಳಿತ್ತು. ಅದನ್ನು ಸಡಿಲಿಸಿದ 2009ರ ದೆಹಲಿ ಹೈಕೋರ್ಟ್ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅಪೊಸ್ತಲಿಕ್ ಚರ್ಚಸ್ ಅಲಯನ್ಸ್, ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್‌ನಂಥ ಸಂಘಟನೆಗಳೂ ಇದ್ದವು. 2013ರಲ್ಲಿ ಆ ಕೋರ್ಟು ಕಲಮನ್ನು ಉಳಿಸಿದಾಗ, ಸಲಿಂಗಿಗಳನ್ನು ಅಪರಾಧಿಗಳೆಂದು ತಮ್ಮ ಸಭೆ ಕಾಣುವುದಿಲ್ಲ ಎಂದವರು ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್. ಬೆಂಗಳೂರಿನ ಕ್ರೈಸ್ತ ಅಧ್ಯಯನ ಸಂಸ್ಥೆ ಸಿಐಎಸ್‌ಆರ್‌ಎಸ್‌ನ ವಿನ್ಸೆಂಟ್ ರಾಜ್‌ಕುಮಾರ್ ಮತ್ತು ದೇವಶಾಸ್ತ್ರಜ್ಞ ಜಾರ್ಜ್ ಜಕರಾಯ 2015ರಲ್ಲಿ ಚರ್ಚಿನೊಳಗಿನ ಸಲಿಂಗಿದ್ವೇಷದ ಬಗ್ಗೆಯೇ ಒಂದು ಲೇಖನ ಸಂಗ್ರಹ ತಂದರು. ಅನುಭವದ ಬೆಳಕಿನಲ್ಲಿ ಶಾಸ್ತ್ರ ಓದುವುದು ಬೆಂಗಳೂರಿಗೆ ಹೊಸ ಪಾಠವಲ್ಲ. ನೊಂದವರ ಅನುಭವದಿಂದಲೇ ದೇವಶಾಸ್ತ್ರ ಹುಟ್ಟಬೇಕೆಂದು ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾತಾಡಿದ್ದರು. ದಲಿತ ದೇವಶಾಸ್ತ್ರ ಅಲ್ಲಿಂದ ಬೆಳೆಯಿತು.

ಇನ್ನೊಂದು ಸಂಗತಿ ಕನ್ನಡದ ಸಭೆಗಳಿಗೆ ತಲುಪಬೇಕು. ಮೈಸೂರಿಗೆ ಬಂದ ವೆಸ್ಲಿಯನ್ ಮಿಷನ್ನಿನ ತಾಯಿಸಭೆಯಾದ ಬ್ರಿಟನ್ನಿನ ಮೆಥಡಿಸ್ಟ್ ಚರ್ಚು 2021ರಲ್ಲಿ, ಬಳ್ಳಾರಿಗೆ ಬಂದ ಲಂಡನ್ ಮಿಷನ್ನನ್ನು ಬೆಳೆಸಿದ ಕಾಂಗ್ರಿಗೇಶನಲ್ ಪರಂಪರೆಯ ಯುನೈಟೆಡ್ ರಿಫಾರ್ಮ್ಡ್ ಚರ್ಚು 2016ರಲ್ಲಿ ಸಲಿಂಗ ಮದುವೆಗೆ ದಾರಿ ಮಾಡಿಕೊಟ್ಟವು. ಮಂಗಳೂರು, ಧಾರವಾಡಗಳಿಗೆ ಬಾಸೆಲ್ ಮಿಷನ್ ಕಳಿಸಿದ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟರು 2019ರಲ್ಲೇ ಅದರ ಪರ ಮತ ಹಾಕಿದ್ದರು. ಈ ಮೂರೂ ಪರಂಪರೆಗಳು ಬಂದು ಸೇರಿದ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಅಂಥ ಮದುವೆಗೆ ಆರಾಧನಾ ಕ್ರಮವಿಲ್ಲ. ಮದುವೆಯ ಮಾತು ದೂರವೇ ಇರಲಿ. ‘ಸರಿಪಡಿಸುವ’ ಪ್ರಾರ್ಥನೆಗೆಂದು ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರಿಗೆ ಸಭಾಪಾಲಕರು ಎರಡು ವಿಷಯ ತಿಳಿಸಲಿ: ಸಲಿಂಗಿಗಳನ್ನು ಬದಲಿಸುವುದಾಗಿ ಹೇಳುತ್ತಿದ್ದ ಅಮೆರಿಕದ ಎಕ್ಸೋಡಸ್ ಇಂಟರ್‌ನ್ಯಾಷನಲ್ 2013ರಲ್ಲಿ ಕ್ಷಮೆ ಕೇಳಿ ಮುಚ್ಚಿಹೋಯಿತು, ಅಂಥ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಹೇಳಿದೆ.