ಅಚ್ಚಾದ ಮೇಲೂ ಉಳಿಯುವ ಹೊಣೆ

1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಾಗ, ಯಾವುದನ್ನು ಅಚ್ಚು ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ಬಹುಮಟ್ಟಿಗೆ ಅವರೊಬ್ಬರ ತೀರ್ಮಾನವಾಗಿತ್ತು. 1752ರಲ್ಲಿ ರಾಯಲ್ ಸೊಸೈಟಿ ಆ ಪತ್ರಿಕೆಯನ್ನು ತನ್ನ ಕೈಗೆ ತೆಗೆದುಕೊಂಡು ಆಯ್ಕೆಗೊಂದು ಸಮಿತಿ ರಚಿಸಿತು. ಪ್ರಬಂಧವನ್ನು ಹೊರಗಿನ ಪರಿಣತರಿಗೆ ಕಳಿಸಿ ಪರಾಮರ್ಶೆ ಮಾಡಿಸುವುದು ಬಹಳ ಹಳೆಯ ಪದ್ಧತಿ ಎಂದು ನಾವು ಭಾವಿಸುತ್ತೇವೆ. ಆದರೆ ‘ನೇಚರ್’ ಅದನ್ನು ಕಡ್ಡಾಯ ಮಾಡಿಕೊಂಡದ್ದು 1973ರಲ್ಲಷ್ಟೇ.

ಈ ಪರಾಮರ್ಶೆ ನಿಂತಿರುವುದು ನಂಬಿಕೆಯ ಮೇಲೆ. ಪರಾಮರ್ಶಕರು ತರ್ಕವನ್ನು ಪರೀಕ್ಷಿಸಬಲ್ಲರು. ಮಾದರಿ ಎಲ್ಲಿಂದ ಬಂತೆಂದು ಹೋಗಿ ನೋಡುವುದಿಲ್ಲ. ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಎರಡು ದಶಕಕ್ಕೂ ಹೆಚ್ಚು ಕಾಲ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಎಷ್ಟೋ ಪಳೆಯುಳಿಕೆಗಳು ಹಿಮಾಲಯದವೇ ಅಲ್ಲ, ಬೇರೆ ದೇಶಗಳವು ಎಂದು 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ‘ನೇಚರ್’ನಲ್ಲಿ ಬಯಲಿಗೆಳೆದರು. ನನ್ನನ್ನು ಹೆಚ್ಚು ಕಾಡುವುದು ಸಹಲೇಖಕರ ಸಂಗತಿ. ಕಲ್ಲು ಸಿಕ್ಕ ಜಾಗವನ್ನು ಕಾಣದೆಯೇ ಅನೇಕರು ಹೆಸರು ಸೇರಿಸಲು ಒಪ್ಪಿದ್ದರು.

ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ್ದು ಹಸ್ತಪ್ರತಿಯ ಸ್ವರೂಪ ಹೇಗಿರಬೇಕೆಂದು ನಿರ್ಧರಿಸುವುದಕ್ಕೆ. ಯಾರನ್ನು ಲೇಖಕ ಎನ್ನಬೇಕು, ಹಣದ ಸಂಬಂಧವನ್ನು ಹೇಗೆ ಬಹಿರಂಗಪಡಿಸಬೇಕು ಎಂಬ ನಿಯಮಗಳು ಆಮೇಲೆ ಬಂದವು. 1994ರಲ್ಲಿ ಬ್ರಿಟನ್ನಿನ ಪ್ರಸೂತಿ ವೈದ್ಯರೊಬ್ಬರು ಇಲ್ಲದ ರೋಗಿಯ ಮೇಲೆ ಮಾಡದ ಶಸ್ತ್ರಚಿಕಿತ್ಸೆಯ ವರದಿ ಪ್ರಕಟಿಸಿದರು. ಅದನ್ನು ಅಚ್ಚು ಹಾಕಿದ ಪತ್ರಿಕೆಯ ಸಂಪಾದಕರೇ ಅದರ ಸಹಲೇಖಕ! 1997ರಲ್ಲಿ ಅಲ್ಲಿನ ಸಂಪಾದಕರು ಕೂಡಿ ‘ಕೋಪ್’ ಎಂಬ ಪ್ರಕಾಶನ ನೀತಿ ಸಮಿತಿಯನ್ನು ಕಟ್ಟಿಕೊಂಡರು. ಅನುಮಾನ ಬಂದಾಗ ಸಂಪಾದಕ ಏನು ಮಾಡಬೇಕೆಂಬುದಕ್ಕೆ ಇಂದು ಜಗತ್ತಿನ ಸಾವಿರಾರು ಪತ್ರಿಕೆಗಳು ಅದರ ಮಾರ್ಗಸೂಚಿಯನ್ನೇ ನೋಡುತ್ತವೆ.

ಮಾರ್ಗಸೂಚಿ ಇದ್ದರೆ ಸಾಲದು ಎಂಬುದಕ್ಕೆ ‘ಲ್ಯಾನ್ಸೆಟ್’ ಸಾಕ್ಷಿ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಆಂಡ್ರೂ ವೇಕ್‌ಫೀಲ್ಡ್ ಅವರ ಪ್ರಬಂಧ 1998ರಲ್ಲಿ ಅಲ್ಲಿ ಬಂತು. ಅದಕ್ಕೆ ಆಧಾರ ಕೇವಲ 12 ಮಕ್ಕಳು. ಲಸಿಕೆ ಕಂಪನಿಗಳ ವಿರುದ್ಧ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರಿಂದ ಅವರಿಗೆ ಹಣ ಸಂದಿತ್ತೆಂದು 2004ರಲ್ಲಿ ಪತ್ರಕರ್ತ ಬ್ರಯಾನ್ ಡಿಯರ್ ಹೊರಗೆಡವಿದರು. ಆದರೂ ಪ್ರಬಂಧವನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ಆ ಹನ್ನೆರಡು ವರ್ಷ ತಾಯ್ತಂದೆಯರ ಮನಸ್ಸಿನಲ್ಲಿ ಬೇರೂರಿದ ಭಯವನ್ನು ಯಾವ ಪ್ರಕಟಣೆಯೂ ಕೀಳಲಾರದು. ಅದೇ ಪತ್ರಿಕೆ 2020ರ ಮೇ 22ರಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು ಪ್ರಕಟಿಸಿದ ಅಧ್ಯಯನವನ್ನು, ಮೂಲ ದತ್ತಾಂಶವನ್ನು ತಪಾಸಣೆಗೆ ಒಪ್ಪಿಸದ ಕಾರಣ, ಜೂನ್ 4ರಂದು ಹಿಂತೆಗೆಯಲಾಯಿತು. ತಪ್ಪು ಮರುಕಳಿಸಿತು ನಿಜ, ತಿದ್ದುವ ಕೆಲಸ ಮಾತ್ರ ಈ ಸಲ ಚುರುಕಾಗಿ ನಡೆಯಿತು. ಪತ್ರಿಕೆಯೊಂದರ ನೀತಿಯನ್ನು ನಾನು ಅಳೆಯುವುದು ಈ ಚುರುಕಿನಿಂದಲೇ.

ನಮ್ಮಲ್ಲಿ ರೋಗದ ಬೇರು ಬೇರೆ. ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಯನ್ನು ಅಂಕಗಳಿಗೆ ಕಟ್ಟಿತು; ಪ್ರಬಂಧಕ್ಕಿಷ್ಟು ಅಂಕ ಎಂದಾಯಿತು. ದುಡ್ಡು ಕೊಟ್ಟರೆ ಏನನ್ನಾದರೂ ಪ್ರಕಟಿಸುವ ಪತ್ರಿಕೆಗಳು ಹುಲುಸಾಗಿ ಬೆಳೆದವು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಪ್ರಬಂಧವನ್ನು 304 ಪತ್ರಿಕೆಗಳಿಗೆ ಕಳಿಸಿದಾಗ 157 ಒಪ್ಪಿದವು. ಭಾರತದಲ್ಲಿ ನೆಲೆಯಿದ್ದವುಗಳಲ್ಲಿ 64 ಒಪ್ಪಿದರೆ 15 ಮಾತ್ರ ತಿರಸ್ಕರಿಸಿದವು. ಯುಜಿಸಿಯ ಮಾನ್ಯತಾ ಪಟ್ಟಿಯೂ ಕಲುಷಿತವಾಗಿತ್ತು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಅದರೊಳಗೆ ಬಂದ ಪತ್ರಿಕೆಗಳಲ್ಲಿ ಶೇ. 88ಕ್ಕೂ ಹೆಚ್ಚು ಕಳಪೆಯಿರಬಹುದೆಂದು ತೋರಿಸಿದ ಅಧ್ಯಯನ 2018ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾಯಿತು. ಆ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದರು. 2019ರಲ್ಲಿ ‘ಕೇರ್’ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು ಆಯ್ಕೆಯನ್ನು ಆಯಾ ಸಂಸ್ಥೆಗಳಿಗೇ ಒಪ್ಪಿಸಲಾಯಿತು.

ದೊಡ್ಡ ಪ್ರಕಾಶಕರ ಬಳಿ ಹೋದರೆ ಸುರಕ್ಷಿತ ಎನ್ನುವಂತೆಯೂ ಇಲ್ಲ. ವೈಲಿ ಒಡೆತನದ ಹಿಂದಾವಿ 2023ರಲ್ಲಿ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆಯಬೇಕಾಯಿತು.

ಕನ್ನಡದಂಥ ಭಾಷೆಗಳ ಸಂಶೋಧನಾ ಪತ್ರಿಕೆಗಳು ಸ್ಕೋಪಸ್‌ನಂಥ ಅಂತಾರಾಷ್ಟ್ರೀಯ ಸೂಚಿಗಳಲ್ಲಿ ಹುಡುಕಿದರೂ ಸಿಗುವುದು ವಿರಳ. ಪಟ್ಟಿ ಹೋದ ಮೇಲೆ ನಮ್ಮ ವಿಶ್ವವಿದ್ಯಾಲಯಗಳು ಆ ಸೂಚಿಗಳನ್ನೇ ಹೊಸ ಪಟ್ಟಿ ಮಾಡಿಕೊಂಡರೆ, ಶಾಸನವನ್ನೋ ಜನಪದವನ್ನೋ ಕುರಿತು ಕನ್ನಡದಲ್ಲೇ ಬರೆಯುವ ಪ್ರಾಮಾಣಿಕ ವಿದ್ವಾಂಸರು ಬಡ್ತಿಯಿಂದ ಹೊರಗುಳಿಯುತ್ತಾರೆ. ಅದಾಗಬಾರದೆಂದರೆ ಆಯ್ಕೆ ಸಮಿತಿಯ ಸದಸ್ಯರು ಎಣಿಸುವುದನ್ನು ಬಿಟ್ಟು, ಅರ್ಜಿಯೊಂದಿಗೆ ಬಂದ ಪ್ರಬಂಧಗಳಲ್ಲಿ ಎರಡು ಮೂರನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಬೇಕು.