ಕಬ್ಬಿನ ಪಡದ ನರಿ, ಕೊಟ್ಟಿಗೆಯ ಎಮ್ಮೆ



ಮೀರಜದಿಂದ ಬೆಳಗಾವಿಗೆ ಹೋಗುವ ರೈಲು ಕೃಷ್ಣಾ ನದಿಯನ್ನು ದಾಟುವುದು ಕುಡಚಿಯ ಹತ್ತಿರ. ನದಿಯ ಆಚೆ ಉಗಾರ. ಅಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಎರಡೂ ದಂಡೆಗಳಲ್ಲಿ ಕಬ್ಬು ಹಬ್ಬಿತು. ಅಲ್ಲಿಯವರ ಮಾತಿನಲ್ಲಿ ಕಬ್ಬಿನ ಹೊಲವೆಂದರೆ 'ಪಡ'. ಆಳೆತ್ತರದ ಪಡ ನರಿಗೆ ಒಳ್ಳೆಯ ಅಡಗುದಾಣ. ಪಡದ ಅಂಚಿನಲ್ಲೇ ರೈತನ ಮನೆ, ಮನೆಗೆ ಅಂಟಿಕೊಂಡೇ ಎಮ್ಮೆ ಎತ್ತುಗಳ ಕೊಟ್ಟಿಗೆ, ಬಾಗಿಲಲ್ಲಿ ನಾಯಿ. ನರಿ, ನಾಯಿ, ದನ, ಮನುಷ್ಯ ಈ ನಾಲ್ವರೂ ಇಷ್ಟು ಹತ್ತಿರ ಬದುಕುವ ಕಡೆ ರೇಬೀಸ್ ಎಂಬ ಹುಚ್ಚುನಾಯಿ ರೋಗದ ಇತಿಹಾಸವನ್ನು ನಾಯಿ ಮತ್ತು ಮನುಷ್ಯ ಇಬ್ಬರ ಕಥೆಯಾಗಿ ಮಾತ್ರ ಓದಿದರೆ ಅರ್ಧ ಬಿಟ್ಟಂತೆ.

ರೇಬೀಸ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಬಾಯಲ್ಲಿ ನೊರೆ ಕಾರುತ್ತ ಓಡುವ ನಾಯಿ. ಸಿನಿಮಾದವರಿಗೂ ಟೆಲಿವಿಷನ್ನಿನವರಿಗೂ ಅದೇ ಇಷ್ಟದ ಚಿತ್ರ. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಎಮ್ಮೆಯನ್ನು ಯಾರೂ ತೆರೆಯ ಮೇಲೆ ತೋರಿಸುವುದಿಲ್ಲ. ದನಗಳಲ್ಲಿ ಈ ರೋಗ ಅನೇಕ ಸಲ ಹಾಗೆ ಸದ್ದಿಲ್ಲದೆ ಬರುತ್ತದೆ. ಮೇವು ಬಿಡುತ್ತದೆ, ಜೊಲ್ಲು ಸುರಿಯುತ್ತದೆ, ದನಿ ಒಡೆದು ಮತ್ತೆ ಮತ್ತೆ ಕೂಗುತ್ತದೆ, ಹಿಂಗಾಲು ತೂರಾಡುತ್ತವೆ. ಗಂಟಲಿನ ಸ್ನಾಯುಗಳು ಸೋತು ನುಂಗಲಾಗುವುದಿಲ್ಲ. ನೋಡಿದವರು ಗಂಟಲಲ್ಲಿ ಏನೋ ಸಿಕ್ಕಿದೆ ಎಂದುಕೊಳ್ಳುತ್ತಾರೆ. ಬಾಯಿ ತೆರೆದು ಕೈ ಹಾಕಿ ಹುಡುಕುತ್ತಾರೆ. ವೈರಸ್ಸು ಇರುವುದು ಆ ಜೊಲ್ಲಿನಲ್ಲೇ. ಹುಲ್ಲು ಕೊಯ್ದು, ಕಬ್ಬು ಕಡಿದು ಗೀರುಬಿದ್ದ ಕೈಗೆ ಬೇರೆ ಕಡಿತ ಬೇಕಿಲ್ಲ.

ಈ ತಪ್ಪು ನಮ್ಮ ರೈತರದು ಮಾತ್ರವಲ್ಲ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ 1925ರಿಂದ ದನಗಳು ಕಾಲು ಸೋತು ಸಾಯತೊಡಗಿದಾಗ ಅಧಿಕಾರಿಗಳು ಮೇವಿನ ವಿಷವೆಂದರು. 1929ರಲ್ಲಿ ಮನುಷ್ಯರಿಗೂ ಬಂದಾಗ ಪೋಲಿಯೋ ಎಂದರು. ಆ ದ್ವೀಪದವರೇ ಆದ ವೈದ್ಯ ಜೋಸೆಫ್ ಲೆನಾಕ್ಸ್ ಪವಾನ್ ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಟಲಿಯ ನೆಗ್ರಿ 1903ರಲ್ಲಿ ವರ್ಣಿಸಿದ್ದ ಕಣಗಳನ್ನು ಗುರುತಿಸಿದರು. ಅದು ರೇಬೀಸ್! ಹರಡುತ್ತಿದ್ದುದು ರಕ್ತ ಹೀರುವ ಬಾವಲಿ. ಅಂಥ ಬಾವಲಿ ಅಮೆರಿಕಾ ಖಂಡಗಳಲ್ಲಿ ಮಾತ್ರ ಇದೆ, ನಮ್ಮಲ್ಲಿಲ್ಲ.

ಲಸಿಕೆಯ ಕಥೆಯಲ್ಲೂ ಸಾಕುಪ್ರಾಣಿಗಳದೇ ಮೊದಲ ಪಾಲು. ಪಾಶ್ಚರ್ ಹೆಸರು ನಿಮಗೆ ಗೊತ್ತು. ಫ್ರಾನ್ಸಿನ ಲಿಯೋನ್ ಪಶುವೈದ್ಯ ಶಾಲೆಯ ಪಿಯರ್ ವಿಕ್ಟರ್ ಗಾಲ್ಟಿಯೆ ಅವರ ಹೆಸರನ್ನು ಪಠ್ಯಪುಸ್ತಕಗಳು ಬಿಟ್ಟುಬಿಡುತ್ತವೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ರೋಗವನ್ನು ಮೊಲಕ್ಕೆ ದಾಟಿಸಿ ಪ್ರಯೋಗಶಾಲೆಯಲ್ಲಿ ಅಭ್ಯಾಸ ಮಾಡಬಹುದೆಂದು ಅವರು 1879ರಲ್ಲಿ ತೋರಿಸಿದರು. 1881ರಲ್ಲಿ ಕುರಿಗಳ ರಕ್ತನಾಳಕ್ಕೆ ಹುಚ್ಚುನಾಯಿಯ ಜೊಲ್ಲನ್ನು ಚುಚ್ಚಿದಾಗ ಅವು ರೋಗಕ್ಕೆ ಬಲಿಯಾಗದೆ ರೋಗನಿರೋಧ ಪಡೆದುದನ್ನು ವರದಿ ಮಾಡಿದರು. ಪಾಶ್ಚರ್ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಮದ್ದನ್ನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಕೊಟ್ಟದ್ದು 1885ರ ಜುಲೈಯಲ್ಲಿ.

ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಶಿಮ್ಲಾ ಹತ್ತಿರದ ಕಸೌಲಿಯಲ್ಲಿ ಆರಂಭವಾಯಿತು. ದಕ್ಷಿಣದವರಿಗಾಗಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದಾಯಿತು. ಕೃಷ್ಣಾ ದಂಡೆಯ ಒಕ್ಕಲಿಗನೊಬ್ಬನಿಗೆ ಆಗ ಆ ದಾರಿ ಎಷ್ಟು ದೂರವಾಗಿತ್ತೆಂಬುದನ್ನು ಭೂಪಟ ತೆಗೆದು ನೀವೇ ನೋಡಿ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ, ಮುಂದೆ ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯೇ ಹೊಟ್ಟೆಯ ಸುತ್ತ ಚುಚ್ಚುತ್ತಿದ್ದ ಆ ಹೆಸರಾಂತ ಸೂಜಿಗಳು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಹೇಳುತ್ತಾರೆ. ಅದು ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಈಗಿನ ಲಸಿಕೆ ತೋಳಿಗೆ, ನೋವೂ ಕಡಿಮೆ.

ಕಾಡುಪ್ರಾಣಿಯಿಂದ ವಿಜ್ಞಾನ ಕಲಿತ ದೊಡ್ಡ ಪಾಠ ಇರಾನಿನದು. 1954ರ ಆಗಸ್ಟಿನಲ್ಲಿ ಹುಚ್ಚು ಹಿಡಿದ ಒಂದೇ ತೋಳ ಒಂದು ಹಳ್ಳಿಯಲ್ಲಿ ಕೆಲವೇ ಗಂಟೆಗಳಲ್ಲಿ 29 ಜನರನ್ನು ಕಚ್ಚಿತು. ಅವರಲ್ಲಿ 18 ಜನರಿಗೆ ತಲೆಯ ಮೇಲೇ ಗಾಯ. ವೈರಸ್ಸು ನರದ ಗುಂಟ ಮಿದುಳಿಗೆ ಏರುವುದರಿಂದ ಗಾಯ ತಲೆಗೆ ಹತ್ತಿರವಾದಷ್ಟೂ ಸಮಯ ಕಡಿಮೆ. ತಲೆಗೆ ಗಾಯವಾಗಿ ಲಸಿಕೆಯನ್ನಷ್ಟೇ ಪಡೆದ ಐವರಲ್ಲಿ ಮೂವರು ಸತ್ತರು. ಲಸಿಕೆಯ ಜೊತೆ ರೇಬೀಸ್ ನಿರೋಧಕ ಸೀರಮ್ ಪಡೆದ 13 ಜನರಲ್ಲಿ ಸತ್ತವರು ಒಬ್ಬರೇ. ಆಳವಾದ ಗಾಯಕ್ಕೆ ಇಂದು ಆಸ್ಪತ್ರೆಯಲ್ಲಿ ಸೀರಮ್ ಹಾಕುವುದು ಈ ಲೆಕ್ಕದ ಮೇಲೆ.

ಹಾಗಾದರೆ ದನದಿಂದ ದನಕ್ಕೆ ಇದು ಹರಡುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಹುಲ್ಲು ತಿನ್ನುವ ಪ್ರಾಣಿ ಕಚ್ಚುವುದು ಅಪರೂಪ, ಸರಪಳಿ ಅಲ್ಲಿಗೆ ಕಡಿಯುತ್ತದೆ. ಆದರೂ ನಿಸರ್ಗ ಎಲ್ಲ ನಿಯಮಕ್ಕೂ ಒಂದು ಅಪವಾದ ಇಟ್ಟಿರುತ್ತದೆ. ಆಫ್ರಿಕಾದ ನಮೀಬಿಯಾದಲ್ಲಿ ಕೂಡು ಎಂಬ ದೊಡ್ಡ ಜಿಂಕೆಯಂಥ ಪ್ರಾಣಿಗಳಲ್ಲಿ 1977ರಿಂದ ರೇಬೀಸ್ ಕಾಣಿಸಿಕೊಂಡು ಸಾವಿರಾರು ಸತ್ತವು. ಅವು ಒಂದಕ್ಕೊಂದು ರೋಗ ಅಂಟಿಸುತ್ತವೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಯೂರೋಪಿನಲ್ಲಿ ರೋಗದ ತವರು ಕೆಂಪು ನರಿ. ಸ್ವಿಟ್ಜರ್ಲೆಂಡಿನವರು 1978ರಲ್ಲಿ ಕೋಳಿಯ ತಲೆಗಳೊಳಗೆ ಲಸಿಕೆ ಇಟ್ಟು ಕಣಿವೆಯಲ್ಲಿ ಹರಡಿದರು. ನರಿಗಳು ತಿಂದವು, ರೋಗ ಹಿಮ್ಮೆಟ್ಟಿತು. ಆದರೆ ನಮ್ಮ ಪಡದ ಗುಳ್ಳೆನರಿಯ ವಿಷಯ ಬೇರೆ. ಇಲ್ಲಿ ರೋಗದ ತವರು ನಾಯಿ. ನರಿಗೂ ತೋಳಕ್ಕೂ ಎಮ್ಮೆಗೂ ಅದು ಬಹುಮಟ್ಟಿಗೆ ನಾಯಿಯಿಂದಲೇ ಹೋಗುತ್ತದೆ. ಆದ್ದರಿಂದ ಊರ ನಾಯಿಗಳಿಗೆ ಲಸಿಕೆ ಹಾಕಿದರೆ ಪಡದ ನರಿಗೂ ರಕ್ಷಣೆ. ನರಿಯನ್ನು ಹೊಡೆದು ಕೊಲ್ಲುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ಇನ್ನು ಹಾಲಿನ ಗಾಬರಿ. ಎಮ್ಮೆಗೆ ರೇಬೀಸ್ ಎಂದು ಗೊತ್ತಾದೊಡನೆ ಅದರ ಹಾಲು ಕುಡಿದವರೆಲ್ಲ ದವಾಖಾನೆಗೆ ಓಡುತ್ತಾರೆ. ಕಾಯಿಸಿದ ಹಾಲಿನಲ್ಲಿ ವೈರಸ್ಸು ಉಳಿಯುವುದಿಲ್ಲ. ಹಸಿ ಹಾಲು ಕುಡಿದವರು ವೈದ್ಯರನ್ನು ಕೇಳಲಿ. ಆದರೆ ಓಡಬೇಕಾದವನು ಬಾಯಿಗೆ ಕೈ ಹಾಕಿದವನು. ಅವನೇ ಕೈ ಒರೆಸಿಕೊಂಡು ಹೊಲಕ್ಕೆ ಹೋಗಿಬಿಟ್ಟಿರುತ್ತಾನೆ! ಅವನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಕೈ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ನಾಯಿ ಕಚ್ಚಿದ ದನಕ್ಕೂ ರೋಗಲಕ್ಷಣ ಕಾಣುವ ಮೊದಲೇ ಪಶುವೈದ್ಯರು ಸರಣಿ ಚುಚ್ಚುಮದ್ದು ಹಾಕುತ್ತಾರೆ. ಲಕ್ಷಣ ಕಂಡ ಮೇಲೆ ಮದ್ದಿಲ್ಲ.

ಮನುಷ್ಯರ ರೇಬೀಸನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಕರ್ನಾಟಕ 2022ರಲ್ಲಿ ಘೋಷಿಸಿತು. ಪ್ರಾಣಿಗಳ ಮಟ್ಟಿಗೆ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ರೇಬೀಸ್ ಇದೆ. ಸಂಶಯ ಬಂದರೆ ತಿಳಿಸುವುದು ದನದ ಒಡೆಯನ ಕರ್ತವ್ಯ. ರೋಗ ಖಚಿತವಾಗುವುದು ಸತ್ತ ಪ್ರಾಣಿಯ ಮಿದುಳಿನಲ್ಲಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ. ಕುಡಚಿಯಿಂದ ಅದು ಐನೂರು ಕಿಲೋಮೀಟರಿಗೂ ದೂರ. ಮಾದರಿಯನ್ನು ತಂಪಿನಲ್ಲಿಟ್ಟು ಕಳಿಸುವುದು ಪಶುವೈದ್ಯರ ಕೆಲಸ. ಎಮ್ಮೆಯನ್ನು ಹೊಲದ ಮೂಲೆಯಲ್ಲಿ ಹೂಳುವ ಮೊದಲು ಅವರಿಗೆ ಹೇಳಿಕಳಿಸುವುದು ಮನೆಯವರ ಕೆಲಸ.