ಶ್ರೀರಂಗಪಟ್ಟಣದಲ್ಲಿ ಬಿಳಿಯರ ದಂಗೆ

ದಂಗೆ ಎಂದೊಡನೆ ನಮ್ಮ ಮನಸ್ಸು 1857ಕ್ಕೆ ಹೋಗುತ್ತದೆ. ಸಿಪಾಯಿಗಳು ಬಿಳಿಯ ಅಧಿಕಾರಿಗಳ ಮೇಲೆ ತಿರುಗಿಬಿದ್ದ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಆದರೆ ಅದಕ್ಕೂ ಅರ್ಧ ಶತಮಾನ ಮೊದಲು, 1809ರಲ್ಲಿ, ಬಿಳಿಯ ಸೇನಾಧಿಕಾರಿಗಳೇ ತಮ್ಮ ಸರಕಾರದ ವಿರುದ್ಧ ಎದ್ದು, ಕಾವೇರಿಯ ನಡುವಣ ಶ್ರೀರಂಗಪಟ್ಟಣದ ಕೋಟೆಯ ಬಾಗಿಲು ಮುಚ್ಚಿ ಕುಳಿತ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಕನ್ನಡ ನೆಲದಲ್ಲಿ ನಡೆದ, ನಮ್ಮ ಜನ ಬೆಲೆ ತೆತ್ತ ಪ್ರಸಂಗವಾದುದರಿಂದ ಅದನ್ನು ಇಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಇಂಥ ಜಗಳ ನಮಗೆ ಅನ್ನವಿತ್ತ ಈ ಮುಂಬಯಿಗೂ ಹೊಸದಲ್ಲ. ನಮ್ಮ ಅಂಧೇರಿಯನ್ನೊಳಗೊಂಡ ಸಾಷ್ಟಿ ದ್ವೀಪವು ಇನ್ನೂ ಪೋರ್ತುಗೀಜರ ಕೈಯಲ್ಲಿದ್ದ ಕಾಲದಲ್ಲಿ, 1683ರ ಡಿಸೆಂಬರಿನಲ್ಲಿ, ಮುಂಬಯಿ ಕೋಟೆಯ ದಳಪತಿ ರಿಚರ್ಡ್ ಕೀಗ್ವಿನ್ ಕಂಪನಿಯ ಉಪಗವರ್ನರನನ್ನು ಸೆರೆಹಿಡಿದು, ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ ತಾನೇ ಸುಮಾರು ಹನ್ನೊಂದು ತಿಂಗಳು ಆಳಿದ. ಕಂಪನಿ ಖರ್ಚು ತಗ್ಗಿಸಲು ಸೈನಿಕರ ಸಂಬಳಕ್ಕೆ ಕೈಹಾಕಿದ್ದೇ ಮುಖ್ಯ ಕಾರಣ. ಕೊನೆಗೆ ಕ್ಷಮೆಯ ಭರವಸೆ ಪಡೆದು ಆತ ಕೋಟೆಯನ್ನು ಒಪ್ಪಿಸಿದ.

ಶ್ರೀರಂಗಪಟ್ಟಣದ ಗಲಭೆಯ ಬೀಜವೂ ಲೆಕ್ಕದ ಪುಸ್ತಕದಲ್ಲೇ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಈ ದ್ವೀಪವನ್ನು ಕಂಪನಿ ತನ್ನ ವಶದಲ್ಲೇ ಇಟ್ಟುಕೊಂಡಿತು. ಕಂಪನಿಯ ರಕ್ಷಣಾ ಸೈನ್ಯಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ತೆರಬೇಕಾಯಿತು. ಆ ಸೈನ್ಯ ಮದರಾಸು ಸರಕಾರಕ್ಕೆ ಸೇರಿದ್ದು. ಅಲ್ಲಿ ದಂಡುಗಳ ಡೇರೆಗಳ ಖರ್ಚಿಗೆಂದು ಅಧಿಕಾರಿಗಳಿಗೆ ತಿಂಗಳು ತಿಂಗಳು ಗೊತ್ತಾದ ಹಣ ಸಲ್ಲುತ್ತಿತ್ತು; ಯುದ್ಧವಿರಲಿ, ಶಾಂತಿಯಿರಲಿ, ಹಣ ತಪ್ಪುತ್ತಿರಲಿಲ್ಲ. ಡೇರೆಗಳನ್ನು ಸಿದ್ಧವಾಗಿಡದಿದ್ದರೆ ಅಧಿಕಾರಿಗೆ ಲಾಭ ಎಂಬಂತಾಗುತ್ತದೆ ಎಂದು ಕರ್ನಲ್ ಜಾನ್ ಮನ್ರೋ ವರದಿ ಮಾಡಿದ. 1808ರಲ್ಲಿ ಆ ಗುತ್ತಿಗೆ ರದ್ದಾಯಿತು. ಕಿಸೆಗೂ ಮಾನಕ್ಕೂ ಒಮ್ಮೆಲೇ ಪೆಟ್ಟು ಬಿದ್ದರೆ ಕೇಳಬೇಕೆ?

ಸೇನಾಧಿಪತಿ ಜನರಲ್ ಮ್ಯಾಕ್‌ಡೊವಲ್‌ಗೆ ಮೊದಲೇ ಅಸಮಾಧಾನವಿತ್ತು. ಹಿಂದಿನ ಸೇನಾಧಿಪತಿಗಳಿಗೆ ಗವರ್ನರರ ಮಂತ್ರಾಲೋಚನಾ ಸಭೆಯಲ್ಲಿ ದೊರೆಯುತ್ತಿದ್ದ ಸ್ಥಾನ ಆತನಿಗೆ ದೊರೆತಿರಲಿಲ್ಲ. 1809ರ ಜನವರಿಯಲ್ಲಿ ಆತ ಮನ್ರೋನನ್ನು ಬಂಧನದಲ್ಲಿಟ್ಟ. ಗವರ್ನರ್ ಸರ್ ಜಾರ್ಜ್ ಬಾರ್ಲೋ ಬಿಡಿಸಿದ. ಜನರಲ್ ಸ್ವದೇಶಕ್ಕೆ ಹೊರಡುವಾಗ ಖಾರವಾದ ಆಜ್ಞಾಪತ್ರ ಹೊರಡಿಸಿದ. ಗವರ್ನರ್ ಆತನನ್ನು ವಜಾ ಮಾಡಿದ. ಜನರಲ್ಲನ ಹಡಗು ಸಮುದ್ರದ ಪಾಲಾಯಿತು, ಆದರೆ ಆತ ಹೊತ್ತಿಸಿದ ಕಿಚ್ಚು ಆರಲಿಲ್ಲ. ಬಾರ್ಲೋ ಮತ್ತಷ್ಟು ಅಧಿಕಾರಿಗಳನ್ನು ಅಮಾನತಿನಲ್ಲಿಟ್ಟಾಗ ಮಚಲೀಪಟ್ಟಣ, ಹೈದರಾಬಾದು, ಶ್ರೀರಂಗಪಟ್ಟಣಗಳ ದಂಡುಗಳಲ್ಲಿ ಅವಿಧೇಯತೆ ತಲೆಯೆತ್ತಿತು. ನಿಷ್ಠೆಯ ಪತ್ರಕ್ಕೆ ಸಹಿ ಹಾಕಿರೆಂದು ಜುಲೈಯಲ್ಲಿ ಸರಕಾರ ಕೇಳಿದಾಗ ಬಹುಮಂದಿ ಒಪ್ಪಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೆಲ್ ಮೊದಲಾದವರು ಕೋಟೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹದಿನೈದರ ಹುಡುಗ; ಆಡಳಿತ ದಿವಾನ್ ಪೂರ್ಣಯ್ಯನವರದು. ಪೂರ್ಣಯ್ಯನವರು ಕಂಪನಿಯ ರೆಸಿಡೆನ್ಸಿಯ ಪಕ್ಷ ಹಿಡಿದು ಮೈಸೂರಿನ ಕುದುರೆ ಸವಾರರನ್ನು ಕಳುಹಿಸಿದರು. ಕಂಪನಿಯನ್ನು ಕಾಯುವ ಕೆಲಸ ಮೈಸೂರಿನ ಪಾಲಿಗೆ ಬಂತು. ಕಾವಲಿಗೆಂದು ಮೈಸೂರು ಹಣ ತೆರುತ್ತಿದ್ದುದು ಕಂಪನಿಗೆ!

ಚಿತ್ರದುರ್ಗದಲ್ಲಿದ್ದ ಎರಡು ಸಿಪಾಯಿ ಪಡೆಗಳನ್ನು ಅವುಗಳ ಬಿಳಿಯ ಅಧಿಕಾರಿಗಳು ಕೋಟೆಯವರ ನೆರವಿಗೆಂದು ಹೊರಡಿಸಿಕೊಂಡು ಬಂದರು. ಆಗಸ್ಟ್ 11ರಂದು ಪಟ್ಟಣದ ಹತ್ತಿರ ಮೈಸೂರಿನ ಸವಾರರೂ ಸರಕಾರದ ಪಕ್ಷದ ದಂಡೂ ಅವರ ಮೇಲೆ ಬಿದ್ದವು. ಸಾಲು ಚದುರಿತು, ಸಿಪಾಯಿಗಳು ಅನೇಕರು ಸತ್ತರು, ಗಾಯಗೊಂಡರು. ಉಳಿದವರು ಕೋಟೆ ಸೇರಿದರು. ಅದೇ 23ರಂದು ಕೋಟೆ ಶರಣಾಯಿತು.

ಆಮೇಲೆ ಏನಾಯಿತು? ಗವರ್ನರ್ ಜನರಲ್ ಲಾರ್ಡ್ ಮಿಂಟೋ ಸ್ವತಃ ಮದರಾಸಿಗೆ ಬಂದು, ಕೆಲವು ಮುಂದಾಳುಗಳನ್ನುಳಿದು ಎಲ್ಲರನ್ನೂ ಕ್ಷಮಿಸಿದ. ಬೆಲ್ ಪದವಿ ಕಳೆದುಕೊಂಡ. ವಜಾ ಆದವರಲ್ಲಿ ಹಲವರು ಮುಂದೆ ಕೆಲಸಕ್ಕೆ ಮರಳಿದರು. 1812ರಲ್ಲಿ ಬಾರ್ಲೋನನ್ನೂ ಕಂಪನಿ ಹಿಂದಕ್ಕೆ ಕರೆಸಿತು. ಮೇಲಿನವರ ಲೆಕ್ಕ ಹೀಗೆ ಹೇಗೋ ಸರಿಹೋಯಿತು. ಆದರೆ ಯಾರದೋ ಡೇರೆಯ ಹಣಕ್ಕಾಗಿ, ಹೊರಡು ಎಂದಾಗ ಹೊರಟು ಬಂದು ಸತ್ತ ಸಿಪಾಯಿಗೆ ಯಾವ ಕ್ಷಮೆ, ಯಾವ ಮರುನೇಮಕ? ಜಮಾ ಖರ್ಚಿನ ನಡುವೆಯೇ ಬಾಳುವ ನಮ್ಮಂಥ ಗುಮಾಸ್ತರ ಕಣ್ಣಿಗೆ ಈ ಬಾಕಿ ಮೊದಲು ಕಾಣುತ್ತದೆ. ಅಂದು ಗವರ್ನರನೂ ಜನರಲ್ಲನೂ ಉತ್ತರ ಕೊಡಬೇಕಾದದ್ದು ದೂರದ ಲಂಡನ್ನಿನ ಪಾಲುದಾರರಿಗೆ, ಈ ನೆಲದ ಜನಕ್ಕಲ್ಲ.

ಸ್ವತಂತ್ರ ಭಾರತದಲ್ಲಿಯೂ ಸೇನಾಪತಿಗೂ ಮಂತ್ರಿಗೂ ಮನಸ್ತಾಪ ಬಂದದ್ದುಂಟು. 1959ರಲ್ಲಿ ಕೊಡಗಿನ ವೀರ ಜನರಲ್ ತಿಮ್ಮಯ್ಯನವರಿಗೂ, ನಮ್ಮ ಉತ್ತರ ಮುಂಬಯಿಯಿಂದಲೇ ಚುನಾಯಿತರಾಗಿದ್ದ ರಕ್ಷಣಾ ಮಂತ್ರಿ ಕೃಷ್ಣ ಮೆನನ್‌ರಿಗೂ ಸರಿಬರಲಿಲ್ಲ. ತಿಮ್ಮಯ್ಯನವರು ರಾಜೀನಾಮೆ ಬರೆದರು, ಪ್ರಧಾನಿ ನೆಹರೂ ಅವರ ಮಾತಿಗೆ ಹಿಂತೆಗೆದುಕೊಂಡರು, ಪಾರ್ಲಿಮೆಂಟಿನಲ್ಲಿ ಚರ್ಚೆಯಾಯಿತು. ಯಾರು ಸರಿ ಎಂಬ ವಾದ ಇಂದಿಗೂ ಉಂಟು. ಆದರೆ ಯಾವ ಕೋಟೆಯ ಬಾಗಿಲೂ ಮುಚ್ಚಲಿಲ್ಲ, ಯಾವ ಸಿಪಾಯಿಯೂ ಸಾಯಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಶ್ರೀರಂಗನ ದರ್ಶನ ಪಡೆದು, ಟಿಪ್ಪು ಬಿದ್ದ ಜಾಗವನ್ನು ಮಕ್ಕಳಿಗೆ ತೋರಿಸುವ ವಾಡಿಕೆ ನಮ್ಮಲ್ಲಿದೆ. ಇನ್ನು ಮುಂದೆ ಚಿತ್ರದುರ್ಗದಿಂದ ನಡೆದು ಬಂದ ಆ ಹೆಸರಿಲ್ಲದ ಸಿಪಾಯಿಗಳ ಕಥೆಯನ್ನೂ ಅಲ್ಲಿಯೇ ನಿಂತು ಮಕ್ಕಳಿಗೆ ಹೇಳೋಣ.